ಹಂಡೆಯಿಲ್ಲದ ಬಿಸಿನೀರು, 40 ವರ್ಷದ ಪೇಬ್ಯಾಕ್

ಕಳೆದ ಆಗಸ್ಟ್‌ನ ಒಂದು ಶನಿವಾರ ಏಸಿ ಫಿಲ್ಟರ್ ಬದಲಿಸಲು ಅಟ್ಟ ಹತ್ತಿದ್ದೆ. ಟೆಕ್ಸಸ್‌ನಲ್ಲಿ ಆಗಸ್ಟ್ ತಿಂಗಳು ಅಟ್ಟ ಹತ್ತುವುದೆಂದರೆ ಬಚ್ಚಲು ಒಲೆಯೊಳಗೆ ತಲೆ ಹಾಕಿದ ಹಾಗೆ. ಬೇಗ ಇಳಿಯೋಣ ಎನ್ನುವಷ್ಟರಲ್ಲಿ ಟಾರ್ಚ್ ಬೆಳಕು ವಾಟರ್ ಹೀಟರ್ ಕಡೆ ಹರಿಯಿತು. ಅದರ ಕೆಳಗಿನ ತಗಡಿನ ತಟ್ಟೆಯಲ್ಲಿ ಅರ್ಧ ಇಂಚು ಕೆಂಪು ನೀರು ನಿಂತಿತ್ತು. ಆ ತಟ್ಟೆಯ ಕೆಳಗೆ ಹಲಗೆ, ಹಲಗೆಯ ಕೆಳಗೆ ಶೀಟ್‌ರಾಕ್, ಶೀಟ್‌ರಾಕ್ ಕೆಳಗೆ ನನ್ನ ಮಗಳ ಮಂಚ.

ಬೇರೆ ಊರುಗಳಲ್ಲಿರುವ ಓದುಗರಿಗೆ ಒಂದು ಮಾತು ಹೇಳಬೇಕು. ಚಿಕಾಗೊ, ನ್ಯೂಜೆರ್ಸಿ ಕಡೆ ವಾಟರ್ ಹೀಟರ್ ಬೇಸ್‌ಮೆಂಟ್‌ನಲ್ಲಿರುತ್ತದೆ, ಸೋರಿದರೆ ನೆಲ ಒದ್ದೆಯಾಗುತ್ತದೆ. ಡಲ್ಲಾಸ್ ಸುತ್ತಮುತ್ತ ಬೇಸ್‌ಮೆಂಟ್ ಇಲ್ಲ. ಬಿಲ್ಡರ್‌ಗಳು ಜಾಗ ಉಳಿಸಲು 50 ಗ್ಯಾಲನ್ ಟ್ಯಾಂಕನ್ನು ಅಟ್ಟಕ್ಕೆ ಏರಿಸಿಬಿಡುತ್ತಾರೆ. ತುಂಬಿದಾಗ ನೀರೊಂದೇ 400 ಪೌಂಡ್‌ಗಿಂತ ಹೆಚ್ಚು ತೂಗುತ್ತದೆ. ಟ್ಯಾಂಕಿನ ತಳ ಒಡೆದರೆ ಬರುವುದು 50 ಗ್ಯಾಲನ್ ಮಾತ್ರ ಅಂದುಕೊಳ್ಳಬೇಡಿ. ಒಳಗೆ ಬರುವ ತಣ್ಣೀರಿನ ವಾಲ್ವ್ ಯಾರಾದರೂ ಮುಚ್ಚುವ ತನಕ ನೀರು ಬರುತ್ತಲೇ ಇರುತ್ತದೆ. ನಮ್ಮ ಬಡಾವಣೆಯಲ್ಲೇ ಸ್ನೇಹಿತರೊಬ್ಬರು ಡಿಸೆಂಬರ್‌ನಲ್ಲಿ ಮೂರು ವಾರ ಊರಿಗೆ ಹೋಗಿ ಬಂದಾಗ ಮೇಲ್ಛಾವಣಿಯ ಅರ್ಧ ಭಾಗ ಹಾಲ್‌ನ ಕಾರ್ಪೆಟ್ ಮೇಲಿತ್ತು.

ಹೀಟರ್ ಮೇಲಿನ ಸ್ಟಿಕರ್ ನೋಡಿದೆ. ತಯಾರಾದದ್ದು 2008. ಗ್ಯಾಸ್ ಟ್ಯಾಂಕ್ ಹೀಟರ್‌ಗಳ ಆಯುಸ್ಸು ಸಾಮಾನ್ಯವಾಗಿ 8ರಿಂದ 12 ವರ್ಷ. ನಮ್ಮದಕ್ಕೆ 17. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. 2013ರಲ್ಲಿ ಮನೆ ಕೊಂಡಾಗಲೇ ಇನ್‌ಸ್ಪೆಕ್ಷನ್ ವರದಿಯಲ್ಲಿ ಇದರ ವಯಸ್ಸು ಬರೆದಿತ್ತು. ಆಗ ನಮ್ಮ ಯೋಜನೆ ಐದು ವರ್ಷ ಇದ್ದು ಊರಿಗೆ ಹೋಗುವುದು. 2018ರಲ್ಲಿ "ಗ್ರೀನ್ ಕಾರ್ಡ್ ಏನಾಗುತ್ತೋ ನೋಡೋಣ, ಇನ್ನೆರಡು ವರ್ಷ ಇದ್ದರೆ ಹೆಚ್ಚು" ಅಂದುಕೊಂಡೆ. ಆಮೇಲೆ ಕೋವಿಡ್. ಆಮೇಲೆ ಮಗಳ ಶಾಲೆ. ಪ್ರತಿ ಸಲವೂ ಹೀಟರ್ ಕೆಲಸ ಮಾಡುತ್ತಲೇ ಇತ್ತು, ನಾನೂ ಮುಂದೂಡುತ್ತಲೇ ಬಂದೆ. ಈ ಬ್ಲಾಗ್‌ನಲ್ಲಿ ಹತ್ತು ಸಲ ಎಮರ್ಜೆನ್ಸಿ ಫಂಡ್ ಬಗ್ಗೆ ಬರೆದವನ ಅಟ್ಟದ ಮೇಲೆ ಈ ಕಥೆ.

ಇನ್ನೊಂದು ಗಡುವೂ ಇತ್ತು. ಅಕ್ಟೋಬರ್ ಮೊದಲ ವಾರ ತಿಪಟೂರಿನಿಂದ ಅಮ್ಮ ಬರುವವರಿದ್ದರು, ಆರು ತಿಂಗಳಿಗೆ. ಅಪ್ಪ ಹೋದ ಮೇಲೆ ಇದು ಅವರ ಮೊದಲ ಪ್ರಯಾಣ. ಅಮ್ಮ ತಣ್ಣೀರಲ್ಲಿ ಕೈ ಕೂಡ ತೊಳೆಯುವುದಿಲ್ಲ.

ಮೂರು ಕೊಟೇಶನ್

ಸೋರಿಕೆ ಸಣ್ಣದಿತ್ತು, ಹಾಗಾಗಿ ಕೆಲವು ವಾರ ಸಮಯ ಸಿಕ್ಕಿತು. ಗ್ಯಾಸ್ ಆಫ್ ಮಾಡಿ ಸ್ನಾನದ ಸಮಯಕ್ಕೆ ಮಾತ್ರ ಹಚ್ಚುತ್ತಿದ್ದೆ, ರಾತ್ರಿ ನೀರಿನ ವಾಲ್ವ್ ಮುಚ್ಚಿ ಮಲಗುತ್ತಿದ್ದೆ. ಈ ಕೆಲವು ವಾರಗಳ ಬೆಲೆ ದೊಡ್ಡದು. ಟ್ಯಾಂಕ್ ಒಡೆದ ದಿನ ಫೋನ್ ಮಾಡಿದರೆ ಬರುವವನ ವ್ಯಾನಿನಲ್ಲಿ ಯಾವ ಹೀಟರ್ ಇದೆಯೋ ಅದೇ ನಿಮ್ಮ ಹೀಟರ್, ಅವನು ಹೇಳಿದ್ದೇ ಬೆಲೆ.

ಮೂವರನ್ನು ಕರೆಸಿದೆ. ಮೊದಲನೆಯವರು ಅದೇ ಜಾಗಕ್ಕೆ ಅದೇ ಅಳತೆಯ ಹೊಸ ಟ್ಯಾಂಕಿಗೆ 2,600 ಡಾಲರ್ ಎಂದರು. ಎರಡನೆಯವರು ಟ್ಯಾಂಕ್‌ಲೆಸ್‌ಗೆ 4,300 ಎಂದರು. ಖುಷಿಯಾಯಿತು, ಆದರೆ ಕಾಗದ ಓದಿದಾಗ ಅದರಲ್ಲಿ ಗ್ಯಾಸ್ ಪೈಪ್ ಇರಲಿಲ್ಲ, ಸಿಟಿ ಪರ್ಮಿಟ್ ಇರಲಿಲ್ಲ, ಕಂಡೆನ್ಸೇಟ್ ನೀರು ಎಲ್ಲಿಗೆ ಹೋಗಬೇಕು ಎಂಬುದೂ ಇರಲಿಲ್ಲ. ಮೂರನೆಯವರು ಎಲ್ಲ ಸೇರಿಸಿ, ಅಟ್ಟದಿಂದ ತೆಗೆದು ಗ್ಯಾರೇಜ್ ಗೋಡೆಗೆ ಹಾಕಿಕೊಡಲು 6,000 ಎಂದರು.

ಟ್ಯಾಂಕ್‌ಲೆಸ್ ಅಂದರೆ ಏನು ಎಂದು ಒಂದೇ ಮಾತಲ್ಲಿ ಹೇಳುವುದಾದರೆ, ಹಂಡೆ ಇಲ್ಲದ ಬಚ್ಚಲು. ನಮ್ಮ ತಿಪಟೂರಿನ ಮನೆಯಲ್ಲಿ ತಾಮ್ರದ ಹಂಡೆಯನ್ನು ಒಲೆಯ ಮೇಲೆ ಗಾರೆ ಹಾಕಿ ಕೂರಿಸಿದ್ದರು, ತೆಂಗಿನ ಮಟ್ಟೆ ಗರಿ ಒಟ್ಟಿ ಉರಿ ಹಾಕಿದರೆ ಬೆಳಿಗ್ಗೆ ಕಾದ ನೀರು ಮಧ್ಯಾಹ್ನದವರೆಗೂ ಬೆಚ್ಚಗಿರುತ್ತಿತ್ತು. ಟ್ಯಾಂಕ್ ಹೀಟರ್ ಕೂಡ ಹಂಡೆಯೇ, ರಾತ್ರಿಯಿಡೀ ನೀವು ಮಲಗಿದ್ದರೂ ನೀರು ಆರುತ್ತಲೂ ಮತ್ತೆ ಕಾಯುತ್ತಲೂ ಇರುತ್ತದೆ. ಟ್ಯಾಂಕ್‌ಲೆಸ್‌ನಲ್ಲಿ ಸಂಗ್ರಹವಿಲ್ಲ. ನಲ್ಲಿ ತಿರುಗಿಸಿದಾಗ ನೀರು ಹರಿಯುವುದನ್ನು ಸೆನ್ಸರ್ ಗುರುತಿಸುತ್ತದೆ, ಬರ್ನರ್ ಹೊತ್ತಿಕೊಳ್ಳುತ್ತದೆ, ಹರಿಯುತ್ತಿರುವಾಗಲೇ ನೀರು ಕಾಯುತ್ತದೆ. ಹರಿಯುವ ನೀರನ್ನು ಕೆಲವೇ ಕ್ಷಣಗಳಲ್ಲಿ ಕಾಯಿಸಬೇಕಾದ್ದರಿಂದ ಉರಿ ಬಹಳ ದೊಡ್ಡದು ಬೇಕು. ನನ್ನ ಹಳೆಯ ಟ್ಯಾಂಕಿನ ಬರ್ನರ್ ಗಂಟೆಗೆ 40,000 ಬಿಟಿಯು. ಹೊಸದು 1,99,000.

ಕೊಟೇಶನ್‌ಗಳ ನಡುವಿನ ವ್ಯತ್ಯಾಸ ಬಹುಪಾಲು ಈ ಸಂಖ್ಯೆಯಲ್ಲೇ ಅಡಗಿದೆ. ಅರ್ಧ ಇಂಚಿನ ಗ್ಯಾಸ್ ಪೈಪ್ ಹಳೆಯ ಹೀಟರ್‌ಗೆ ಧಾರಾಳವಾಗಿ ಸಾಕಿತ್ತು, ಐದು ಪಟ್ಟು ಉರಿಗೆ ನಮ್ಮ ಮನೆಯ ಪೈಪಿನ ಉದ್ದದಲ್ಲಿ ಸಾಲುತ್ತಿರಲಿಲ್ಲ, ಮುಕ್ಕಾಲು ಇಂಚಿನದು ಎಳೆಯಬೇಕಾಯಿತು. ಮೀಟರ್ ಮೇಲಿನ ಫಲಕದಲ್ಲಿ ಗಂಟೆಗೆ 250 ಘನ ಅಡಿ ಎಂದಿತ್ತು, ಅಂದರೆ ಸುಮಾರು 2,50,000 ಬಿಟಿಯು. ಹೀಟರ್, ಫರ್ನೇಸ್, ಸ್ಟೋವ್ ಮೂರನ್ನೂ ಕೂಡಿದರೆ ಅದನ್ನು ಮೀರುತ್ತಿತ್ತು. ಗ್ಯಾಸ್ ಕಂಪನಿಯವರು ಬಂದು ಮೀಟರ್ ಬದಲಿಸಿದರು, ನನಗೆ ಅದರ ಬಿಲ್ ಬರಲಿಲ್ಲ, ನಿಮ್ಮಲ್ಲಿ ಹೇಗೋ ಮೊದಲೇ ಕೇಳಿ. ಕಡಿಮೆ ಕೊಟೇಶನ್ ಕೊಟ್ಟವರು ಇದ್ಯಾವುದನ್ನೂ ನೋಡಿರಲಿಲ್ಲ, ಮೀಟರ್ ಹತ್ತಿರ ಹೋಗಲೇ ಇಲ್ಲ.

ಬ್ರೋಷರ್‌ನಲ್ಲಿ ದೊಡ್ಡಕ್ಷರದಲ್ಲಿ "ನಿಮಿಷಕ್ಕೆ 11 ಗ್ಯಾಲನ್" ಎಂದು ಬರೆದಿರುತ್ತದೆ. ಅದು ಸುಳ್ಳಲ್ಲ, ಆದರೆ ನೀರನ್ನು 35 ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಮಾತ್ರ ಬಿಸಿ ಮಾಡಿದಾಗಿನ ಲೆಕ್ಕ. ಸೂತ್ರ ಸರಳ. ಹೊರಬರುವ ಶಾಖವನ್ನು 500ರಿಂದ ಭಾಗಿಸಿ, ಮತ್ತೆ ಬೇಕಾದ ಏರಿಕೆಯಿಂದ ಭಾಗಿಸಿ. ಜನವರಿಯಲ್ಲಿ ನಮ್ಮಲ್ಲಿ ನಲ್ಲಿ ನೀರು 50 ಡಿಗ್ರಿ ಇದ್ದು 120ಕ್ಕೆ ಏರಬೇಕಾದರೆ ಸಿಗುವುದು ನಿಮಿಷಕ್ಕೆ 5.4 ಗ್ಯಾಲನ್. ಎರಡು ಶವರ್, ಒಂದು ಅಡುಗೆಮನೆ ನಲ್ಲಿ ನಡೆಯುತ್ತದೆ. ಮಿನಿಯಾಪೊಲಿಸ್‌ನಲ್ಲಿ 40 ಡಿಗ್ರಿ ನೀರು ಬರುತ್ತಿದ್ದರೆ ಅದೇ ಯಂತ್ರದಿಂದ 4.7 ಮಾತ್ರ.

ಗ್ಯಾಸ್ ಬಿಲ್ ಏನು ಹೇಳುತ್ತದೆ

ಈಗ ನನ್ನ ಕಸುಬಿಗೆ ಬರುತ್ತೇನೆ. ಮಾರುವವರೆಲ್ಲ ಹೇಳುವುದು "ಗ್ಯಾಸ್ ಉಳಿತಾಯದಲ್ಲೇ ದುಡ್ಡು ವಾಪಸ್". ಅಮೆರಿಕದ ಇಂಧನ ಇಲಾಖೆಯೇ ಹೇಳುವಂತೆ, ದಿನಕ್ಕೆ 41 ಗ್ಯಾಲನ್ ಅಥವಾ ಅದಕ್ಕಿಂತ ಕಡಿಮೆ ಬಿಸಿನೀರು ಬಳಸುವ ಮನೆಯಲ್ಲಿ ಟ್ಯಾಂಕ್‌ಲೆಸ್ ಶೇ. 24ರಿಂದ 34ರಷ್ಟು ಹೆಚ್ಚು ದಕ್ಷ, 86 ಗ್ಯಾಲನ್ ಆಸುಪಾಸು ಬಳಸುವ ಮನೆಯಲ್ಲಿ ಶೇ. 8ರಿಂದ 14. ಹೆಚ್ಚು ಬಳಸಿದಷ್ಟೂ ಅನುಕೂಲ ಕಡಿಮೆ. ಹಂಡೆ ಸುಮ್ಮನೆ ಕೂತಿದ್ದಾಗ ಪೋಲಾಗುವ ಶಾಖವೇ ಇಲ್ಲಿನ ಮುಖ್ಯ ಉಳಿತಾಯ, ಆದ್ದರಿಂದ ಹೀಗೆ.

ಶೇಕಡಾವಾರು ಬಿಟ್ಟು ಡಾಲರ್ ನೋಡೋಣ. ನಮ್ಮದು ದಿನಕ್ಕೆ ಸುಮಾರು 60 ಗ್ಯಾಲನ್ ಬಿಸಿನೀರು ಎಂದಿಟ್ಟುಕೊಂಡೆ. ವರ್ಷದ ಸರಾಸರಿ ಏರಿಕೆ 55 ಡಿಗ್ರಿ. 60 ಗ್ಯಾಲನ್ ಅಂದರೆ 500 ಪೌಂಡ್ ನೀರು, ದಿನಕ್ಕೆ 27,500 ಬಿಟಿಯು, ವರ್ಷಕ್ಕೆ ಸುಮಾರು 100 ಥರ್ಮ್. ಇದು ನೀರಿಗೆ ಸೇರಬೇಕಾದ ಶಾಖ. ಹಳೆಯ ಟ್ಯಾಂಕಿನ ದಕ್ಷತೆ 0.60 ಎಂದರೆ ಸುಡಬೇಕಾದ ಗ್ಯಾಸ್ 167 ಥರ್ಮ್. ಹೊಸ ಕಂಡೆನ್ಸಿಂಗ್ ಯಂತ್ರದ್ದು 0.95, ಅಂದರೆ 106 ಥರ್ಮ್. ಉಳಿತಾಯ 61 ಥರ್ಮ್.

ಇನ್ನು ದರ. ಬಿಲ್ಲಿನ ಒಟ್ಟು ಮೊತ್ತವನ್ನು ಬಳಕೆಯಿಂದ ಭಾಗಿಸುವ ತಪ್ಪು ಮಾಡಬೇಡಿ. ತಿಂಗಳ ಸ್ಥಿರ ಶುಲ್ಕ ಹೀಟರ್ ಯಾವುದಿದ್ದರೂ ಕಟ್ಟಲೇಬೇಕು. ಬಳಕೆಯ ಜೊತೆ ಏರಿಳಿಯುವ ಭಾಗ ಮಾತ್ರ ತೆಗೆದುಕೊಂಡಾಗ ನನ್ನ ಬಿಲ್ಲಿನಲ್ಲಿ ಥರ್ಮ್‌ಗೆ 1.15 ಡಾಲರ್ ಬಂತು. ಹಾಗಾಗಿ ವರ್ಷದ ಉಳಿತಾಯ 70 ಡಾಲರ್. ನಾಲ್ಕು ಜನ ಒಂದು ಸಲ ಹೊರಗೆ ಊಟ ಮಾಡಿದರೆ ಮುಗಿಯಿತು.

ಟ್ಯಾಂಕಿಗೂ ಟ್ಯಾಂಕ್‌ಲೆಸ್‌ಗೂ ವ್ಯತ್ಯಾಸ 3,400 ಡಾಲರ್. ಅದರಲ್ಲಿ 600 ಡಾಲರ್ ತೆರಿಗೆ ಕ್ರೆಡಿಟ್ ಕಳೆದರೆ 2,800. ಎಪ್ಪತ್ತರಿಂದ ಭಾಗಿಸಿ: 40 ವರ್ಷ. ಯಂತ್ರದ ಆಯುಸ್ಸು 20 ವರ್ಷ ಎನ್ನುತ್ತಾರೆ. ಅಂದರೆ ಗ್ಯಾಸ್ ಉಳಿತಾಯದಿಂದ ದುಡ್ಡು ವಾಪಸ್ ಬರುವಷ್ಟರಲ್ಲಿ ಯಂತ್ರ ಎರಡು ಸಲ ಸತ್ತಿರುತ್ತದೆ.

ಇಲ್ಲಿಗೇ ನಿಲ್ಲಿಸಿದರೆ ಅದೂ ಅರ್ಧ ಲೆಕ್ಕ. ಈಗ ಟ್ಯಾಂಕ್ ಹಾಕಿಸಿದರೆ ಸುಮಾರು 11ನೇ ವರ್ಷಕ್ಕೆ ಇನ್ನೊಂದು ಟ್ಯಾಂಕ್ ಕೊಳ್ಳಬೇಕು. ಬೆಲೆ ವರ್ಷಕ್ಕೆ ಶೇ. 3 ಏರಿದರೆ ಆ ದಿನ 2,600ರ ಟ್ಯಾಂಕಿಗೆ 3,600 ಆಗಿರುತ್ತದೆ. ಹತ್ತು ವರ್ಷದ ಟ್ರೆಷರಿಯಲ್ಲಿ ಸಿಗುವ ಹತ್ತಿರ ಹತ್ತಿರ ಶೇ. 4ರ ದರದಲ್ಲಿ ಇಂದಿನ ಬೆಲೆಗೆ ಇಳಿಸಿದರೆ 2,338. ಇಪ್ಪತ್ತು ವರ್ಷದ ಗ್ಯಾಸ್ ಉಳಿತಾಯದ ಇಂದಿನ ಬೆಲೆ 951. ಒಟ್ಟು 3,289. ಇನ್ನೊಂದು ಕಡೆ 2,800, ಜೊತೆಗೆ ವರ್ಷಕ್ಕೊಮ್ಮೆ ವಿನೆಗರ್ ಹಾಕಿ ತೊಳೆಯುವ ಖರ್ಚು. ಪಂಪಿಗೆ ಒಮ್ಮೆ 80 ಡಾಲರ್, ವಿನೆಗರ್‌ಗೆ ವರ್ಷಕ್ಕೆ 15, ಒಟ್ಟು ಇಂದಿನ ಬೆಲೆ 284. ನಾನೇ ತೊಳೆದರೆ ಮಾತ್ರ ಈ ಲೆಕ್ಕ. ಪ್ಲಂಬರ್ ಕರೆಸಿ ತೊಳೆಸಿದರೆ ಗ್ಯಾಸ್ ಉಳಿತಾಯ ಪೂರ್ತಿ ಅವರ ಜೇಬಿಗೆ.

ಕಳೆದು ನೋಡಿದರೆ ಇಪ್ಪತ್ತು ವರ್ಷಕ್ಕೆ ನನ್ನ ಲಾಭ 205 ಡಾಲರ್. ಇನ್ನೂ ಒಂದು ವಿಷಯ. ಈ ಲಾಭ ನಿಂತಿರುವುದೇ 600 ಡಾಲರ್ ಕ್ರೆಡಿಟ್ ಮೇಲೆ. ಅದನ್ನು ತೆಗೆದರೆ 395 ಡಾಲರ್ ನಷ್ಟ. ಈ ವರ್ಷ ಹಾಕಿಸುವವರಿಗೆ ಆ ಕ್ರೆಡಿಟ್ ಇಲ್ಲ, ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಸ್ಪ್ರೆಡ್‌ಶೀಟ್‌ನ ಆ ಒಂದು ಚೌಕ

ಗಮನಿಸಿ, ಗ್ಯಾಸ್ ದರ ಸ್ವಲ್ಪ ಹೆಚ್ಚು ಕಡಿಮೆ ಮಾಡಿದರೆ ಈ ಉತ್ತರ ಹೆಚ್ಚು ಅಲ್ಲಾಡುವುದಿಲ್ಲ. ಅಲ್ಲಾಡಿಸುವುದು "ಈ ಮನೆಯಲ್ಲಿ ಇನ್ನೆಷ್ಟು ವರ್ಷ" ಎಂಬ ಚೌಕ. 20 ಹಾಕಿದರೆ ಚಿಲ್ಲರೆ ಲಾಭ. 8 ಹಾಕಿದರೆ ಎರಡನೇ ಟ್ಯಾಂಕಿನ ಪ್ರಶ್ನೆಯೇ ಬರುವುದಿಲ್ಲ, 2,510 ಡಾಲರ್ ನಷ್ಟ. ಮನೆ ಮಾರುವಾಗ ಟ್ಯಾಂಕ್‌ಲೆಸ್ ಇದೆ ಎಂದು ಕೊಳ್ಳುವವರು ಅಷ್ಟು ಹೆಚ್ಚು ಕೊಡುತ್ತಾರೆ ಎಂದು ನಾನು ನಂಬುವುದಿಲ್ಲ, ಲಿಸ್ಟಿಂಗ್‌ನಲ್ಲಿ ಒಂದು ಸಾಲು ಜಾಸ್ತಿಯಾಗುತ್ತದೆ ಅಷ್ಟೇ.

ಆ ಚೌಕದಲ್ಲಿ ನಾನು 8 ಎಂದು ಬರೆದಿದ್ದೆ. ಮಗಳು ಕಾಲೇಜಿಗೆ ಹೋಗಲು ಇನ್ನೈದು ವರ್ಷ, ಮೇಲೆ ಮೂರು. ಆಮೇಲೆ ತಿಪಟೂರು ಅಲ್ಲದಿದ್ದರೂ ಮೈಸೂರು. ಊಟ ಆದಮೇಲೆ ಹೆಂಡತಿಗೆ ಲ್ಯಾಪ್‌ಟಾಪ್ ತೋರಿಸಿದೆ. ಅವಳು ಉಳಿದ ಯಾವ ಸಂಖ್ಯೆಯನ್ನೂ ಕೇಳಲಿಲ್ಲ. ಆ 8ನ್ನು ಅಳಿಸಿ 15 ಬರೆದಳು.

"ರೀ, ಐದು ವರ್ಷ ಅಂತ ಬಂದು ಹನ್ನೆರಡು ವರ್ಷ ಆಯ್ತು. ಈ ಎಂಟು ಎಲ್ಲಿಂದ ತಂದ್ರಿ?"

"ಅಮ್ಮ ಒಬ್ಬರೇ ಇದ್ದಾರಲ್ಲ" ಅಂದೆ.

"ಅದಕ್ಕೂ ವಾಟರ್ ಹೀಟರ್‌ಗೂ ಏನ್ ಸಂಬಂಧ? ಅತ್ತೆ ವಿಷ್ಯ ಬೇರೆ ಕೂತು ಮಾತಾಡೋಣ. ಹೀಟರ್ ನೆಪದಲ್ಲಿ ಬೇಡ."

ಆ ರಾತ್ರಿ ಹೀಟರ್ ವಿಷಯ ಮುಂದಕ್ಕೆ ಹೋಗಲಿಲ್ಲ. ಅಟ್ಟದ ಮೇಲಿನ ಟ್ಯಾಂಕನ್ನು 2018ರಲ್ಲೇ ಬದಲಿಸದಿರಲು ಕಾರಣ ದುಡ್ಡಲ್ಲ, ಈ ಒಂದು ಸಂಖ್ಯೆಯನ್ನು ನಾವಿಬ್ಬರೂ ಬಾಯಿಬಿಟ್ಟು ಹೇಳದೆ ಇದ್ದದ್ದು ಎಂದು ನನಗೆ ಆಗ ಹೊಳೆಯಿತು. ಒಳ್ಳೆಯ ಸೋಫಾ ಕೊಳ್ಳದೆ, ಹಿತ್ತಲಲ್ಲಿ ಮರ ನೆಡದೆ ಹತ್ತು ವರ್ಷ ಕಳೆದ ಕನ್ನಡದ ಮನೆಗಳು ನನಗೆ ಬೇಕಾದಷ್ಟು ಗೊತ್ತು. ನಮ್ಮದೂ ಅದರಲ್ಲೊಂದು.

ಅವಳ 15ಕ್ಕೆ ಉತ್ತರ 69 ಡಾಲರ್ ಲಾಭ. ನನ್ನ 8ಕ್ಕೆ 2,510 ನಷ್ಟ. ಯಾರ ಸಂಖ್ಯೆ ಸರಿ ಎಂದು ಗೊತ್ತಿಲ್ಲದಾಗ, ಗೆದ್ದರೆ 69, ಸೋತರೆ 2,510 ಎಂಬ ಜೂಜನ್ನು ಯಾರೂ ಆಡಬಾರದು. ಎಂಬಿಎ ಓದಿದವನಾಗಿ ಟ್ಯಾಂಕ್ ಹಾಕಿಸು ಎಂದೇ ನನಗೆ ನಾನು ಹೇಳಿಕೊಳ್ಳಬೇಕಿತ್ತು, ಹೇಳಿಕೊಂಡೆ ಕೂಡ.

ಮರುದಿನ ಲೆಕ್ಕ ತಿರುಗಿದ್ದು ಮಗಳ ಕೋಣೆಯಲ್ಲಿ. ಅವಳ ಮಂಚದ ಮೇಲೆ ಮಲಗಿ ಸೂರು ನೋಡಿದೆ. ಅಲ್ಲಿ ಹೊಸ ಟ್ಯಾಂಕೇ ಇದ್ದರೂ ಹತ್ತು ವರ್ಷದಲ್ಲಿ ಅದೂ ಹಳೆಯದಾಗುತ್ತದೆ, ಆಗಲೂ ನಾನು "ಇನ್ನೆರಡು ವರ್ಷ" ಎನ್ನುತ್ತೇನೆ, ನನ್ನ ಗುಣ ನನಗೆ ಗೊತ್ತು. ಇನ್ಶೂರೆನ್ಸ್ ಪಾಲಿಸಿ ತೆಗೆದು ಓದಿದೆ. ದಿಢೀರನೆ ಒಡೆದು ಆದ ಹಾನಿಗೆ ಪರಿಹಾರವಿದೆ, ತಿಂಗಳುಗಟ್ಟಲೆ ತೊಟ್ಟಿಕ್ಕಿ ಕೊಳೆತದ್ದಕ್ಕೆ ಇಲ್ಲ, ಹೀಟರ್‌ಗಂತೂ ಇಲ್ಲವೇ ಇಲ್ಲ. ಡಿಡಕ್ಟಿಬಲ್ ಮನೆಯ ವಿಮಾ ಮೊತ್ತದ ಶೇ. 1, ನನಗೆ 4,800 ಡಾಲರ್. ತಟ್ಟೆಯಲ್ಲಿ ಕೆಂಪು ನೀರು ನೋಡಿ ಫೋಟೋ ತೆಗೆದಿಟ್ಟವನು "ದಿಢೀರ್" ಎಂದು ಹೇಗೆ ಹೇಳುವುದು?

ಹಾಗಾಗಿ ಅಟ್ಟದ ಮೇಲೆ ಟ್ಯಾಂಕ್ ಬೇಡ ಎಂದು ಮೊದಲು ತೀರ್ಮಾನಿಸಿದೆವು. ತೀರ್ಮಾನಿಸಿದ ಕೂಡಲೇ ನಾನು ಹೋಲಿಸುತ್ತಿದ್ದುದು ತಪ್ಪು ಜೋಡಿ ಎಂದು ಗೊತ್ತಾಯಿತು. ಈಗ ಹೋಲಿಸಬೇಕಾದದ್ದು ಗ್ಯಾರೇಜ್‌ನಲ್ಲಿ ಟ್ಯಾಂಕ್ ಮತ್ತು ಗ್ಯಾರೇಜ್‌ನಲ್ಲಿ ಟ್ಯಾಂಕ್‌ಲೆಸ್. ಟ್ಯಾಂಕನ್ನು ಕೆಳಗಿಳಿಸಲೂ ಪೈಪುಗಳು ಬೇಕು, ಹೊಗೆಕೊಳವೆಯನ್ನು ಛಾವಣಿಯವರೆಗೆ ಒಯ್ಯಬೇಕು, ಕಾರು ತಾಗದಂತೆ ಮುಂದೊಂದು ಕಂಬ ನೆಡಬೇಕು. ಅದಕ್ಕೆ ಕೇಳಿದ್ದು 4,600. ಈಗ ಕ್ರೆಡಿಟ್ ಕಳೆದ ಮೇಲೆ ವ್ಯತ್ಯಾಸ 800 ಡಾಲರ್ ಮಾತ್ರ. ನನ್ನ 8 ವರ್ಷಕ್ಕೆ ಸುಮಾರು 510 ನಷ್ಟ, ಅವಳ 15 ವರ್ಷಕ್ಕೆ 2,000 ಮೀರಿ ಲಾಭ. ಗ್ಯಾರೇಜ್‌ನಲ್ಲಿ ಎರಡನೇ ಕಾರು ನಿಲ್ಲುವ ಜಾಗವೂ ಉಳಿಯಿತು. ಎಂಟು ಮತ್ತು ಹದಿನೈದರ ಜಗಳ ಬಗೆಹರಿಯದೆಯೇ ಹೀಟರ್ ಬಗೆಹರಿಯಿತು.

ಊರಿಂದ ಬಂದ ಭಯ, 2021ರ ಭಯ

ಹೆಂಡತಿಗೆ ಇನ್ನೊಂದು ಅನುಮಾನವಿತ್ತು. ಬೆಂಗಳೂರಿನಲ್ಲಿ ಗ್ಯಾಸ್ ಗೀಸರ್ ಇದ್ದ ಬಚ್ಚಲಿನಲ್ಲಿ ಉಸಿರುಕಟ್ಟಿ ಸತ್ತವರ ಸುದ್ದಿ ನಾವೆಲ್ಲ ಓದಿದ್ದೇವೆ. ಅದೂ ಟ್ಯಾಂಕ್‌ಲೆಸ್ ಯಂತ್ರವೇ, ಒಪ್ಪುತ್ತೇನೆ. ಆದರೆ ಕಿಟಕಿ ಮುಚ್ಚಿದ ಚಿಕ್ಕ ಬಚ್ಚಲೊಳಗಿನ ಗಾಳಿಯನ್ನೇ ಎಳೆದು, ಕಾರ್ಬನ್ ಮಾನಾಕ್ಸೈಡನ್ನು ಅಲ್ಲೇ ಬಿಡುವುದು ಅಲ್ಲಿನ ಅಪಾಯ. ಇಲ್ಲಿ ನಾವು ಹಾಕಿಸಿದ್ದಕ್ಕೆ ಎರಡು ಪೈಪುಗಳು, ಒಂದು ಹೊರಗಿನ ಗಾಳಿ ತರುತ್ತದೆ, ಇನ್ನೊಂದು ಹೊಗೆಯನ್ನು ಹೊರಗೆ ಬಿಡುತ್ತದೆ. ಮನೆಯೊಳಗಿನ ಗಾಳಿ ಮುಟ್ಟುವುದೇ ಇಲ್ಲ. ಕಂಡೆನ್ಸಿಂಗ್ ಯಂತ್ರದ ಹೊಗೆ ಎಷ್ಟು ತಣ್ಣಗಿರುತ್ತದೆಂದರೆ ಪ್ಲಾಸ್ಟಿಕ್ ಪೈಪ್ ಸಾಕು. ಅದರಿಂದ ಇಳಿಯುವ ನೀರು ಸ್ವಲ್ಪ ಆಮ್ಲೀಯ, ಸುಣ್ಣದ ಕಲ್ಲಿನ ಹರಳು ತುಂಬಿದ ಡಬ್ಬಿಯ ಮೂಲಕ ಹಾಯಿಸಿ ಚರಂಡಿಗೆ ಬಿಡುತ್ತಾರೆ. ಆದರೂ ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್ ಇಲ್ಲದೆ ಮನೆಯಲ್ಲಿ ಯಾವ ಗ್ಯಾಸ್ ಯಂತ್ರವೂ ಇರಬಾರದು.

ನನ್ನ ಅನುಮಾನ ಬೇರೆ. 2021ರ ಫೆಬ್ರುವರಿ ನೆನಪಿದೆಯೇ? ಟೆಕ್ಸಸ್‌ನಲ್ಲಿ ಲಕ್ಷಾಂತರ ಮನೆಗಳಿಗೆ ಕರೆಂಟ್ ಹೋಗಿತ್ತು, ಫೆಬ್ರುವರಿ 16ರಂದು ಡಲ್ಲಾಸ್‌ನಲ್ಲಿ ಉಷ್ಣಾಂಶ ಮೈನಸ್ 2 ಫ್ಯಾರನ್‌ಹೀಟ್‌ಗೆ ಇಳಿದಿತ್ತು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಕೆಲಸ ಮಾಡಿದ ಏಕೈಕ ಯಂತ್ರ ಈ ಹಳೆಯ ಹೀಟರ್. ಅದಕ್ಕೆ ಕರೆಂಟ್ ಬೇಕಿರಲಿಲ್ಲ, ಪೈಲಟ್ ದೀಪ ಸದಾ ಉರಿಯುತ್ತಿತ್ತು. ಮಗಳನ್ನು ಬಿಸಿನೀರಿನ ಟಬ್ಬಿನಲ್ಲಿ ಕೂರಿಸಿ ಬೆಚ್ಚಗೆ ಮಾಡಿದ್ದೆವು. ಹೊರಗೋಡೆಗೆ ಟ್ಯಾಂಕ್‌ಲೆಸ್ ಹಾಕಿಸಿದ್ದ ಪರಿಚಯದವರೊಬ್ಬರ ಯಂತ್ರದ ಒಳಪೈಪುಗಳು ಒಡೆದುಹೋದವು. ಟ್ಯಾಂಕ್‌ಲೆಸ್‌ಗೆ ಹೆಪ್ಪುಗಟ್ಟದಂತೆ ಕಾಯುವ ಪುಟ್ಟ ಹೀಟರ್ ಇರುತ್ತದೆ, ಅದು ನಡೆಯುವುದು ಕರೆಂಟಿನಲ್ಲಿ. ಈ ಒಂದು ಗುಣಕ್ಕೆ ಹಳೆಯ ಹೀಟರ್ ಮೇಲೆ ನನಗೆ ಇಂದಿಗೂ ಗೌರವ. ಅದನ್ನು ಅಟ್ಟದಿಂದ ಇಳಿಸಿ ಲಾರಿಗೆ ಏರಿಸುವಾಗ ಸ್ವಲ್ಪ ಬೇಸರವೇ ಆಯಿತು.

ಹಾಗಾಗಿ ಹೊರಗೋಡೆ ಬೇಡ, ಗ್ಯಾರೇಜ್ ಒಳಗೇ ಬೇಕೆಂದೆ. ಒಂದು ಸಣ್ಣ ಬ್ಯಾಟರಿ ಪವರ್ ಸ್ಟೇಷನ್ ಮನೆಯಲ್ಲಿ ಮೊದಲೇ ಇತ್ತು. ಹೀಟರ್ ಎಳೆಯುವ ಕರೆಂಟ್ ಒಂದು ಹಳೆಯ ಬಲ್ಬ್‌ನಷ್ಟು, ಆದ್ದರಿಂದ ಅದರಲ್ಲಿ ನಡೆಯುತ್ತದೆ. ಅದೂ ಮುಗಿದರೆ ನೀರು, ಗ್ಯಾಸ್ ಎರಡನ್ನೂ ಮುಚ್ಚಿ ಯಂತ್ರದೊಳಗಿನ ನೀರು ಹೊರಗೆ ಬಿಡಬೇಕು. ಹಾಕಿದವರಿಂದಲೇ ಕಲಿತುಕೊಂಡು, ಒಮ್ಮೆ ನಾನೇ ಮಾಡಿ ನೋಡಿದೆ.

ಹೀಟ್ ಪಂಪ್ ಹೀಟರ್ ಯಾಕೆ ಅಲ್ಲ ಎಂದು ಕೇಳುವವರಿಗೆ: ಲೆಕ್ಕ ಹಾಕಿದ್ದೆ. ನಮ್ಮ ಕರೆಂಟ್ ದರ 15 ಸೆಂಟ್, ವರ್ಷಕ್ಕೆ ಸುಮಾರು 134 ಡಾಲರ್ ಆಗುತ್ತಿತ್ತು, ಟ್ಯಾಂಕ್‌ಲೆಸ್ ಗ್ಯಾಸ್‌ಗೆ 122. ಹತ್ತಿರ ಹತ್ತಿರ ಸಮ, ಅದಕ್ಕೆ 2,000 ಡಾಲರ್‌ವರೆಗೆ ಕ್ರೆಡಿಟ್ ಕೂಡ ಇತ್ತು. ನಮ್ಮ ಪ್ಯಾನೆಲ್‌ನಲ್ಲಿ ಹೊಸ 240 ವೋಲ್ಟ್ ಸರ್ಕ್ಯೂಟ್‌ಗೆ ಜಾಗವಿರಲಿಲ್ಲ, ಅದೂ ಹಂಡೆಯೇ, ನೆಲದ ಜಾಗವೂ ಬೇಕು. ನಿಮ್ಮಲ್ಲಿ ಗ್ಯಾಸ್ ಇಲ್ಲದೆ ಬರೀ ಎಲೆಕ್ಟ್ರಿಕ್ ಟ್ಯಾಂಕ್ ಇದ್ದರೆ ಮೊದಲು ಅದನ್ನೇ ನೋಡಿ.

ಅಮ್ಮನ ತೀರ್ಪು

ಸೆಪ್ಟೆಂಬರ್ ಕೊನೆಯ ವಾರ ಎರಡು ದಿನದಲ್ಲಿ ಕೆಲಸ ಮುಗಿಯಿತು. ಸಿಟಿಯವರು ಬಂದು ನೋಡಿ ಸಹಿ ಹಾಕಿದರು. ಮುಂದಿನ ವಾರ ಅಮ್ಮ ಬಂದರು.

ಅಮ್ಮನಿಗೆ ಶವರ್ ಆಗದು. ಟಬ್ಬಿನೊಳಗೆ ಮಣೆ, ಬಕೆಟ್ಟು, ಚೊಂಬು. ಮೊದಲ ದಿನವೇ ಬಾಗಿಲ ಸಂದಿಯಿಂದ ಕರೆದರು. ನಲ್ಲಿಯನ್ನು ಅವರು ಊರಿನ ರೂಢಿಯಂತೆ ಸಣ್ಣಗೆ ಬಿಟ್ಟಿದ್ದರು. ನಿಮಿಷಕ್ಕೆ ಅರ್ಧ ಗ್ಯಾಲನ್‌ನಷ್ಟಾದರೂ ಹರಿಯದಿದ್ದರೆ ಬರ್ನರ್ ಹೊತ್ತಿಕೊಳ್ಳುವುದೇ ಇಲ್ಲ. ಮಧ್ಯೆ ನಿಲ್ಲಿಸಿ ಮತ್ತೆ ತಿರುಗಿಸಿದರೆ ಪೈಪಿನಲ್ಲಿ ಉಳಿದ ಬಿಸಿನೀರು ಮೊದಲು ಬಂದು, ಹಿಂದೆಯೇ ಒಂದಿಷ್ಟು ತಣ್ಣೀರು ಬಂದು, ಆಮೇಲೆ ಮತ್ತೆ ಬಿಸಿ.

"ಇದೇನೋ ಇದು! ಸಣ್ಣಗೆ ಬಿಟ್ರೆ ತಣ್ಣೀರು, ಜೋರಾಗಿ ಬಿಟ್ರೆ ಬಿಸಿನೀರು. ದುಡ್ಡು ಕೊಟ್ಟು ನೀರು ಪೋಲು ಮಾಡ್ಸೋ ಮಿಷನ್ನಾ? ಹಂಡೆ ಕಿತ್ತಾಕ್ಬಾರ್ದಿತ್ತು ಕಣೋ."

ಅಮ್ಮ ಹೇಳಿದ್ದರಲ್ಲಿ ಲೆಕ್ಕವಿದೆ. ಮಗಳ ಸ್ನಾನ ಮೊದಲು ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು, ಯಾಕೆಂದರೆ ಆಮೇಲೆ ನೀರು ತಣ್ಣಗಾಗುತ್ತಿತ್ತು. ಈಗ ಇಪ್ಪತ್ತು. ದಿನಕ್ಕೆ ಹೆಚ್ಚುವರಿ 14 ಗ್ಯಾಲನ್ ಬಿಸಿನೀರು ಎಂದರೆ ವರ್ಷಕ್ಕೆ 28 ಡಾಲರ್ ಗ್ಯಾಸ್. ನಾನು ಅಷ್ಟು ಕಷ್ಟಪಟ್ಟು ಕಂಡುಹಿಡಿದ 70 ಡಾಲರ್‌ನಲ್ಲಿ ಶೇ. 40 ಶವರ್‌ನಲ್ಲಿ ಹರಿದುಹೋಯಿತು, ನೀರಿನ ಬಿಲ್ ಬೇರೆ. ಅಮ್ಮನಿಗೆ ಬಕೆಟ್ ಒಂದೇ ಸಲ ಜೋರಾಗಿ ತುಂಬಿಕೊಳ್ಳಲು ಹೇಳಿದ ಮೇಲೆ ಸರಿಹೋಯಿತು. ದೀಪಾವಳಿಯ ಹಿಂದಿನ ಸಂಜೆ, ನೀರು ತುಂಬುವ ಹಬ್ಬಕ್ಕೆ, ಬಕೆಟ್ಟನ್ನೇ ಉಜ್ಜಿ ತೊಳೆದು, ಅರಿಸಿನ ಕುಂಕುಮ ಹಚ್ಚಿ, ತುಂಬಿಸಿಟ್ಟರು. ಗ್ಯಾರೇಜ್‌ನ ಗೋಡೆ ಮೇಲಿನ ಡಬ್ಬಿಗೂ ಒಂದು ಬೊಟ್ಟು ಇಟ್ಟರು.

ತೆರಿಗೆ ವಿಷಯ. 2025ರಲ್ಲಿ ಹಾಕಿಸಿ ಮುಗಿಸಿದವರು ಈಗ ರಿಟರ್ನ್ ಸಲ್ಲಿಸುವಾಗ ಫಾರ್ಮ್ 5695 ತುಂಬಬೇಕು. ಗ್ಯಾಸ್ ವಾಟರ್ ಹೀಟರ್‌ಗೆ ಕೂಲಿಯೂ ಸೇರಿ ಖರ್ಚಿನ ಶೇ. 30, ಮಿತಿ 600 ಡಾಲರ್. ದಕ್ಷತೆ 0.95 ಇರಬೇಕು, 0.82ರ ಅಗ್ಗದ ಟ್ಯಾಂಕ್‌ಲೆಸ್ ಹಾಕಿಸಿದವರಿಗೆ ಇಲ್ಲ. ತಯಾರಕರ ನಾಲ್ಕು ಅಕ್ಷರದ ಕೋಡ್ ಬೇಕಾಗುತ್ತದೆ, ಅವರ ವೆಬ್‌ಸೈಟ್‌ನಲ್ಲಿ ಸಿಗುತ್ತದೆ. ಈ ಕ್ರೆಡಿಟ್ ಕಟ್ಟಬೇಕಾದ ತೆರಿಗೆಯನ್ನಷ್ಟೇ ಇಳಿಸುತ್ತದೆ, ಉಳಿದದ್ದು ಮುಂದಿನ ವರ್ಷಕ್ಕೆ ಹೋಗುವುದಿಲ್ಲ. 2025ರ ಜುಲೈ 4ರಂದು ಸಹಿಯಾದ ಕಾನೂನು ಇದನ್ನು 2025ರ ಡಿಸೆಂಬರ್ 31ಕ್ಕೆ ಕೊನೆಗೊಳಿಸಿತು. ಡಿಸೆಂಬರ್‌ನಲ್ಲಿ ದುಡ್ಡು ಕೊಟ್ಟು ಜನವರಿಯಲ್ಲಿ ಹಾಕಿಸಿದ್ದರೆ ಸಿಗುವುದಿಲ್ಲ. ಮಾರುವವರಲ್ಲಿ ಕೆಲವರು ಇನ್ನೂ ಇದನ್ನು ಸೇರಿಸಿ ಬೆಲೆ ಹೇಳುತ್ತಿದ್ದಾರೆ, ಎಚ್ಚರ.

ಹಾಗಾದರೆ ಈ ವರ್ಷ ಏನು ಮಾಡುವುದು ಎಂದು ಕೇಳಿದರೆ, ಹೀಟರ್ ಬೇಸ್‌ಮೆಂಟ್‌ನಲ್ಲಿದ್ದು, ಹತ್ತು ವರ್ಷದೊಳಗೆ ಮನೆ ಬಿಡುವ ಯೋಚನೆ ಇರುವವರಿಗೆ ನಾನು ಟ್ಯಾಂಕನ್ನೇ ಹೇಳುತ್ತೇನೆ. ಅಟ್ಟದಲ್ಲಿದ್ದು ಅಲ್ಲೇ ಉಳಿಸುವುದಾದರೆ ಸೋರಿಕೆ ಕಂಡಾಗ ತಾನೇ ಮುಚ್ಚಿಕೊಳ್ಳುವ ವಾಲ್ವ್ ಹಾಕಿಸಿ, ಊರಿಗೆ ಹೋಗುವ ದಿನ ಮನೆಯ ಮುಖ್ಯ ವಾಲ್ವ್ ಮುಚ್ಚಿ ಹೋಗಿ. ಸ್ಟಿಕರ್ ಮೇಲಿನ ವರ್ಷವನ್ನು ಇವತ್ತೇ ಒಮ್ಮೆ ನೋಡಿಬಿಡಿ.

ಕಳೆದ ಜುಲೈನಲ್ಲಿ, ಫರ್ನೇಸ್ ಇಲ್ಲದ ತಿಂಗಳಲ್ಲಿ, ನಮ್ಮ ಗ್ಯಾಸ್ ಬಳಕೆ 12 ಸಿಸಿಎಫ್, ಬಹುಪಾಲು ಹೀಟರ್‌ನದು. ಈಗಿನ ಚಳಿಗಾಲದ ಬಿಲ್ಲುಗಳಲ್ಲಿ ಫರ್ನೇಸ್ ಬೆರೆತು ಏನೂ ತಿಳಿಯುವುದಿಲ್ಲ. ಈ ಜುಲೈ ಬಿಲ್ ಬಂದಾಗ ಆ 12ರ ಪಕ್ಕ ಇಟ್ಟು ಬರೆಯುತ್ತೇನೆ. ಅಮ್ಮ ಮಾರ್ಚ್ ಕೊನೆಗೆ ಹೊರಡುತ್ತಾರೆ. ಸ್ಪ್ರೆಡ್‌ಶೀಟ್‌ನ ಆ ಚೌಕದಲ್ಲಿ ಸದ್ಯಕ್ಕೆ ಹೆಂಡತಿಯ 15 ಇದೆ, ನಾನು ಅಳಿಸಿಲ್ಲ.